ಬಾಡಿಗೆ ಕೋಣೆ ಕೇಳಿದ ದೆವ್ವ

ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ನನಗೆ ಪಾತ್ರವಿರಲಿಲ್ಲ. ಪರದೆಯ ಬದಿಗೆ ನಿಂತು, ಮಾತು ಮರೆತವರಿಗೆ ನೆನಪಿಸುವುದು ನನ್ನ ಕೆಲಸ. ನಾನು ದಿನಾಂಕ ಹಾಕಿ ಡೈರಿ ಬರೆಯುವುದನ್ನು ನೋಡಿದ್ದ ನಿರ್ದೇಶಕರು ಇನ್ನೊಂದನ್ನೂ ಒಪ್ಪಿಸಿದ್ದರು: ಪ್ರೇಕ್ಷಕರು ಬೆಚ್ಚಿದಲ್ಲೆಲ್ಲ ನಾಟಕದ ಪ್ರತಿಯಲ್ಲಿ ಗೆರೆ ಎಳೆಯಬೇಕು.

ನಾಟಕ ಹಳೆಯ ವಿಲಾಯತಿ ದೆವ್ವದ ಕಥೆಗಳ ಅಚ್ಚಿನದು. ಸಮುದ್ರದಾಚೆಯಿಂದ ಬಂದವನೊಬ್ಬ ಊರಲ್ಲಿ ಬಾಡಿಗೆ ಕೋಣೆ ಹಿಡಿದು, ಕೊನೆಗೆ ಮನೆಯವರ ರಕ್ತ ಹೀರುತ್ತಾನೆ. ಆ ಪಾತ್ರ ಭಟ್ಕಳದ ನನ್ನ ಗೆಳೆಯನದು. ಕುಮಟೆಯ ಮೊಬೈಲ್ ಅಂಗಡಿಯಲ್ಲಿ ಅವನಿಗೆ ಕೆಲಸ. ದಿನವೂ ರೈಲಿನಲ್ಲಿ ಓಡಾಟ. ಕುಮಟೆಯಲ್ಲೇ ಕೋಣೆ ಹುಡುಕಿದ್ದ. ಹೆಸರು ಹೇಳಿದ ಮೇಲೆ ಎಲ್ಲ ಕೋಣೆಗಳೂ ಆಗಲೇ ಬೇರೆಯವರಿಗೆ ಕೊಟ್ಟಾಗಿರುತ್ತಿದ್ದವು.

ಮೊದಲ ಪ್ರದರ್ಶನ ಕುಮಟೆಯಲ್ಲಿ. ಅವನು ಬಾಗಿಲಲ್ಲಿ ನಿಂತು ಕೋಣೆ ಕೇಳಿದ. ಹಿಂದಕ್ಕೆ ತಿರುಗಿ, ನಿರ್ದೇಶಕರು ಸೇರಿಸಿದ್ದಂತೆ, ಚೀಲ ಕೆಳಗಿಡು ಎಂದು ಸಾಮಾನು ಹೊತ್ತು ತಂದ ದೋಣಿಯವನಿಗೆ ಭಟ್ಕಳದ ಮುಸ್ಲಿಮರ ಮನೆಮಾತು ನವಾಯತಿಯಲ್ಲಿ ಹೇಳಿದ. ಮುಂದಿನ ಸಾಲಿನ ಹೆಂಗಸು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಕತ್ತಲಿನಿಂದ ಯಾರೋ, "ಕೊಡ್ಬೇಡ್ರೋ" ಎಂದರು. ಯಾರೂ ನಗಲಿಲ್ಲ. ಆಮೇಲೆ ರಕ್ತ ಹೀರುವಾಗ ಮಾತ್ರ ಸಿಳ್ಳೆ ಬಿತ್ತು.

ಅತಿ ಹೆಚ್ಚು ಗೆರೆಗಳಿದ್ದದ್ದು ಬಾಗಿಲಿನ ದೃಶ್ಯಕ್ಕೆ. ನಿರ್ದೇಶಕರಿಗೆ ಖುಷಿಯಾಗಿ, ಹೊನ್ನಾವರದ ಪ್ರದರ್ಶನಕ್ಕೆ ದೆವ್ವದ ಮಾತನ್ನೆಲ್ಲ ನವಾಯತಿಗೆ ತಿರುಗಿಸೋಣ ಎಂದರು. ಗೆಳೆಯ ನನ್ನ ಗೆರೆಗಳನ್ನು ತುಂಬ ಹೊತ್ತು ನೋಡಿದ.

"ಅಲ್ಲಿ ನಾನಿನ್ನೂ ದೆವ್ವ ಆಗ್ಲೇ ಇಲ್ಲ ಅಲ್ಲ?" ಎಂದ.

ಇದ್ದ ಒಂದು ನವಾಯತಿ ವಾಕ್ಯವನ್ನೂ ತೆಗೆಯಿರಿ, ಇಲ್ಲದಿದ್ದರೆ ತಾನು ಬರುವುದಿಲ್ಲ ಎಂದು ನಿರ್ದೇಶಕರಿಗೆ ಹೇಳಿದ.

"ಅದ್ರಿಂದ್ಲೇ ಅಲ್ದಾ ಮಾರಾಯ, ನಾಟಕ ಹಿಡಿದದ್ದು."

"ಸರ್, ದಿನಾ ಮನೆಗೆ ಹೋದ ಕೂಡ್ಲೇ ನಮ್ಮಮ್ಮ ನಂಗೆ ಹೇಳೋ ಮಾತದು. ಚೀಲ ಕೆಳಗಿಡು ಅಂತ."

ನಿರ್ದೇಶಕರು ಒಪ್ಪಲಿಲ್ಲ. ಅವನು ಮತ್ತೆ ತಾಲೀಮಿಗೆ ಬರಲಿಲ್ಲ.

ಹೊನ್ನಾವರದಲ್ಲಿ ನಿರ್ದೇಶಕರೇ ಕರಿ ನಿಲುವಂಗಿ ತೊಟ್ಟು, ನವಾಯತಿ ಬಾರದ್ದರಿಂದ ಎಲ್ಲವನ್ನೂ ಕನ್ನಡದಲ್ಲೇ ಆಡಿದರು. ಬಾಗಿಲಿನ ದೃಶ್ಯದಲ್ಲಿ ಪೆನ್ನು ಹಿಡಿದು ಕಾದೆ. ಗೆರೆ ಎಳೆಯುವಂಥದ್ದೇನೂ ಆಗಲಿಲ್ಲ. ಬಣ್ಣ ಒರೆಸುವಾಗ ಹಿರಿಯರೊಬ್ಬರು ಒಳಗೆ ಬಂದರು. "ಎಲ್ಲಾ ಚೊಲೋ ಆತು. ಆದ್ರೆ ದೆವ್ವ ನಮ್ಮೋರ ಹಾಂಗೇ ಇತ್ತು. ಹೆದರಿಕೆನೇ ಬರ್ಲಿಲ್ಲ."

ಮರುದಿನ ಗೆಳೆಯ ಫೋನ್ ಮಾಡಿದ. ರೈಲಿನಲ್ಲಿದ್ದ.

"ಬಾಗ್ಲಲ್ಲಿ ನಿಂತಾಗ ಯಾರಾದ್ರೂ ಕೂಗಿದ್ರಾ, ಕೊಡ್ಬೇಡಿ ಅಂತ?"

ಇಲ್ಲ ಎಂದೆ.

"ಹಾಗಾದ್ರೆ ಸರ್‌ಗೆ ರೂಮ್ ಸಿಕ್ತು," ಎಂದ.