ಡಬ್ಬಿಯ ಕೊಂಡಿ, ಹಲಸಿನ ಎಲೆ

ಮಲೆನಾಡಿನ ಕೊಪ್ಪದ ಮಣ್ಣಿನಲ್ಲಿ ಎತ್ತು ನಿಲ್ಲುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಪೂಜೆಗೆಂದು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿತ್ತಲಿನ ಕೆಂಪು ಮಣ್ಣು ಕಲಸಿದೆ. ಕೊಂಬು ಇಟ್ಟರೆ ಕುತ್ತಿಗೆ ಬಿತ್ತು, ಕುತ್ತಿಗೆ ಕೂರಿಸಿದರೆ ಕಾಲು ಕುಸಿಯಿತು. ನರಗುಂದದ ನಮ್ಮ ಕಪ್ಪು ಎರೆಮಣ್ಣು ಹಿಡಿದ ಆಕಾರ ಬಿಡುವುದಿಲ್ಲ. ಇದು ನೆನೆದ ರವೆಯ ಹಾಗೆ ಬೆರಳಸಂದಿಯಲ್ಲಿ ಜಾರಿತು. ಪಕ್ಕದಲ್ಲೇ ಇರುವ ಮನೆ ಒಡತಿ ಸಾವಿತ್ರಕ್ಕ ಬೇಲಿಯಾಚೆಯಿಂದ ಕೇಳಿದರು: "ಎಂತ ಮಾಡ್ತಿದೀರಿ ಮಾರಾಯ್ರೆ? ನಾಯಿಯಾ?"

"ಎತ್ತು ರೀ" ಅಂದೆ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಎತ್ತು ಒಂದು ನೆಪವಾಗಿತ್ತು. ನನ್ನ ಮಗಳು ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸು, ಅಳಿಯ ಕೆಲಸಕ್ಕೆ ದಿನಾ ಬಾಳೆಹೊನ್ನೂರಿಗೆ ಹೋಗಿ ಬರುತ್ತಾನೆ. ಅವರ ಮಗಳು ಭೂಮಿಗೆ ಆರು ವರ್ಷ. ಅವಳ ಊಟದ ಡಬ್ಬಿ ಶಾಲೆಯಿಂದ ತುಂಬಿದ್ದು ತುಂಬಿದಂತೆಯೇ ವಾಪಸು ಬರುತ್ತಿತ್ತು. ಮುಚ್ಚಳದ ಎರಡು ಕೊಂಡಿ ಎತ್ತುವಷ್ಟು ಬೆರಳಲ್ಲಿ ಬಲವಿಲ್ಲ, ಟೀಚರನ್ನು ಕೇಳಲು ನಾಚಿಕೆ. ಸಡಿಲ ಮುಚ್ಚಳದ ಡಬ್ಬಿ ಕೊಟ್ಟರೆ ಪುಸ್ತಕಕ್ಕೆಲ್ಲ ಸಾರು. ರೋಗವೇನಿಲ್ಲ, ಬೆರಳಿಗೆ ಕೆಲಸ ಕೊಡಿ ಎಂದರಂತೆ ಡಾಕ್ಟರು. ಅದಕ್ಕೇ ನಾನು ಬಂದದ್ದು. "ಹುಡುಗಿ ತನ್ನ ಡಬ್ಬಿ ತಾನ ತಗದು ಉಣ್ಣೂತನಕ ಇರ್ತೀನಿ, ಆಮ್ಯಾಲೆ ಬಂದಬಿಡ್ತೀನಿ" ಎಂದು ತಂಗಿ ಶಾಂತವ್ವನಿಗೆ ಹೇಳಿ ಬಸ್ಸು ಹತ್ತಿದ್ದೆ.

ಮಗಳು ಫೋನಿನಲ್ಲಿ ಬಣ್ಣಬಣ್ಣದ ಆಟಿಕೆ ತೋರಿಸಿದಳು. ರೇಟು ನೋಡಿ ಅಡುಗೆಮನೆಯೇ ಸಾಕು ಅಂದೆ. ಬೆಳ್ಳುಳ್ಳಿ ಸುಲಿಸಿದೆ. ಹೆಸರುಕಾಳು, ಕಡಲೆ ಬೆರೆಸಿ ಬೇರೆ ಮಾಡಿಸಿದೆ. ಹೂಬತ್ತಿ ಹೊಸೆಯಿಸಲು ಹೋದರೆ, ನಮ್ಮೂರಲ್ಲಿ ಚೂರು ವಿಭೂತಿ ಮುಟ್ಟಿಸಿದರೆ ತಾನಾಗಿ ತಿರುಗುವ ಅರಳೆ ಇಲ್ಲಿ ಥಂಡಿ ಹಿಡಿದು ಮುದ್ದೆಯಾಗಿತ್ತು. ರೊಟ್ಟಿಯ ಹಂಚಿನ ಮೇಲೆ ಅದನ್ನು ಬೆಚ್ಚಗೆ ಮಾಡಿಕೊಂಡು ಕೂತೆವು. ನಮ್ಮಲ್ಲಿ ಸೀರೆ ಅಂಗಳದಲ್ಲಿ ಹರವಿದರೆ ರೊಟ್ಟಿ ಬಡಿದು ಮುಗಿಯುವಷ್ಟರಲ್ಲಿ ಗರಿಗರಿ. ಇಲ್ಲಿ ಮಳೆಗಾಲವಿಡೀ ಬಟ್ಟೆ ಮನೆಯೊಳಗೇ ನೇತಾಡಬೇಕು, ಹಾಗಾಗಿ ಕ್ಲಿಪ್ಪು ಹಾಕಿ ತೆಗೆಯುವ ಕೆಲಸಕ್ಕೆ ಬರವಿಲ್ಲ. ಅದನ್ನೂ ಭೂಮಿಗೇ ಒಪ್ಪಿಸಿದೆ. ನಾಲ್ಕು ದಿನ ಮಾಡಿದಳು, ಆಮೇಲೆ ಮುಖ ಊದಿಸಿದಳು. "ಅಜ್ಜಿ, ಇದು ಆಟ ಅಲ್ಲ, ಕೆಲಸ."

ಸುಳ್ಳಲ್ಲ. ಡಬ್ಬಿ ತುಂಬಿಯೇ ಬರುತ್ತಿತ್ತು.

ಇದನ್ನೆಲ್ಲ ಕೇಳಿದ ಸಾವಿತ್ರಕ್ಕ, "ಕೂಸನ್ನ ನಮ್ಮನೆಗೆ ಕಳ್ಸಿ, ಕೊಟ್ಟೆ ಕಟ್ಟಲಿ" ಎಂದರು. ಕೊಟ್ಟೆ ಎಂದರೆ ನಾಲ್ಕು ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಕೂಡಿಸಿದ ಬಟ್ಟಲು. ಅದಕ್ಕೆ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಕಡುಬು. ಭೂಮಿ ಚುಚ್ಚಿದಲ್ಲೆಲ್ಲ ಎಲೆ ಹರಿಯಿತು, ಕಡ್ಡಿ ಮುರಿಯಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು.

"ನಿಮ್ಮ ಕೈ ಹಿಂದೆ ಕಟ್ಕೊಳ್ಳಿ ಮಾರಾಯ್ರೆ. ನೀವು ಮಾಡಿಕೊಟ್ರೆ ನಿಮ್ಮ ಬೆರಳು ಗಟ್ಟಿ ಆಗ್ತದೆ, ಅಷ್ಟೆ."

ಕಟ್ಟಿಕೊಂಡೆ. ಅವಳ ಕೊಟ್ಟೆ ಸೋರಿತು. ಒಳಗೆ ಉಳಿದದ್ದು ಅಡಿಕೆಯಷ್ಟು ಕಡುಬು. ಸಾವಿತ್ರಕ್ಕ ಅದನ್ನೇ ತಟ್ಟೆಗೆ ಹಾಕಿ, ಮೇಲೆ ತುಪ್ಪ ಬಿಟ್ಟು, "ಅವರವರ ಕೊಟ್ಟೆ, ಅವರವರ ಕಡುಬು" ಎಂದರು. ನನಗೆ ಕೆಟ್ಟೆನಿಸಿತು. ಭೂಮಿಗೆ ಮಾತ್ರ ಹಟ ಬಂತು. ಮರುದಿನ ಶಾಲೆಯಿಂದ ಬಂದವಳೇ ಹಲಸಿನ ಮರದಡಿ ಓಡಿದಳು. ದಿನಾ ಕಡುಬು ಬೇಯಿಸುವುದು ಎಲ್ಲಿಂದ? ಕೊಟ್ಟೆಗೆ ನೀರು ತುಂಬಿ ಸೋರುತ್ತದಾ ಎಂದು ನೋಡುವುದೇ ಆಟವಾಯಿತು. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಕಡ್ಡಿ ಹಿಡಿದು ಒತ್ತುವಾಗ ನಾಲಿಗೆ ಹೊರಗೆ ಚಾಚುತ್ತಿದ್ದಳು. ನೀರು ನಿಲ್ಲುವ ಕೊಟ್ಟೆ ಆಗುವಷ್ಟರಲ್ಲಿ ಗಣಪತಿ ಹಬ್ಬ ಕಳೆದಿತ್ತು.

ಒಂದು ಸಂಜೆ ಡಬ್ಬಿ ಹಗುರವಾಗಿತ್ತು. ಅಲ್ಲಾಡಿಸಿದೆ, ಸದ್ದಿಲ್ಲ.

"ಯಾರ್ ತಗದಕೊಟ್ರವ್ವಾ?"

"ನಾನೇ! ಎಂತ ಅಜ್ಜಿ ನೀನು? ಪಕ್ಕದವಳ ಡಬ್ಬಿನೂ ನಾನೇ ತೆಗ್ದಿದ್ದು."

ಆ ಖಾಲಿ ಡಬ್ಬಿಯನ್ನು ತೊಳೆಯದೆ ಮಗಳು ಬರುವ ತನಕ ಕಟ್ಟೆಯ ಮೇಲೆ ಇಟ್ಟಿದ್ದೆ.

ಶಾಂತವ್ವನಿಗೆ ಫೋನಿನಲ್ಲಿ ಹೇಳಿದೆ. "ಹಂಗಾರ ಬಸ್ ಹತ್ತಕ್ಕಾ. ಇಲ್ಲೆ ಬಿಸಲು ಬಿದ್ದೈತಿ" ಎಂದಳು. ಬಿಸಿಲು ಎಂದ ಕೂಡಲೇ ನಮ್ಮ ಅಂಗಳ ಕಣ್ಣಿಗೆ ಬಂತು.

"ಅಂಗಿ ಗುಂಡಿ ಹಾಕ್ಕೊಳ್ಳಾಕ ಇನ್ನಾ ಬರೂದಿಲ್ಲ ಅಕಿಗೆ" ಅಂದೆ.

"ಗುಂಡಿ ಆದಮ್ಯಾಲೆ?"

"ಜಡಿ ಹೆಣಕೊಳ್ಳೂದು ಕಲೀಬೇಕಲ್ಲ. ಅದಿರಲಿ, ಈ ಕಡೆ ಯಾರರ ಬರೂದಿದ್ರ ಒಂದ್ ಚೀಲ ಎರಿಮಣ್ಣು ಕಳಸು. ಮಣ್ಣೆತ್ತಿನ ಅಮಾಸಿಗೆ ಬೇಕು."

"ಈ ವರ್ಷದ ಅಮಾಸಿ ಆಗಲೇ ಮುಗದೈತಿ. ಅಂದ್ರ ಬರೂ ವರ್ಷಾನೂ ಅಲ್ಲೇ ಇರಾಕಿ ಏನ?"

"ನೀ ಮೊದಲ ಮಣ್ಣು ಕಳಸವಾ" ಅಂದೆ.