ಹದಿನಾಲ್ಕನೆಯ ಕುರ್ಚಿಯ ಹೊನೋರಾ

ನ್ಯೂಪೋರ್ಟಿನ ಕಡಲ ದಂಡೆಯಲ್ಲಿ ಥ್ಯಾಕ್‌ವೆಲ್ಲರ ಅಮೃತಶಿಲೆಯ ಬೇಸಿಗೆ ಮನೆ. ಮುತ್ತಜ್ಜ ತಳ್ಳುಗಾಡಿಯಲ್ಲಿ ಕಬ್ಬಿಣದ ಒಲೆ ಮಾರಿದವನು. ಮಗ ಎರಕದ ಕಾರ್ಖಾನೆ ಕಟ್ಟಿದ. ಮೊಮ್ಮಗ ಈ ಮನೆ ಕಟ್ಟಿಸಿ, ಇನ್ನು ಮುಂದೆ ಇಲ್ಲಿ ಯಾರೂ ಒಲೆಯ ಮಾತೆತ್ತಕೂಡದು ಎಂದ. ನಾನು ಆ ಮನೆಯ ಅಡುಗೆಯವಳು. ಹೊನೋರಾ ಟಿಯರ್ನಿ ಹೊಲಿಗೆಯವಳು.

ಆ ಸಿರಿವಂತರಿಗೆ ಸರಕಾರದ ಭಯವಿರಲಿಲ್ಲ, ದೇವರ ಭಯ ಅಷ್ಟಕ್ಕಷ್ಟೇ. ಊಟದ ಮೇಜಿಗೆ ಹದಿಮೂರು ಜನ ಕೂತರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಕೂತವರಲ್ಲೊಬ್ಬರು ವರ್ಷದೊಳಗೆ ಸಾಯುತ್ತಾರಂತೆ. ಕರೆದವರಲ್ಲಿ ಒಬ್ಬರು ಬಾರದ ಸಂಜೆ ಬಟ್ಲರ್ ಕ್ರಾಲಿ ಏದುಸಿರು ಬಿಡುತ್ತಾ ಹೊಲಿಗೆ ಕೋಣೆಗೆ ಓಡುವನು.

“ಹೊನೋರಾ, ಏಳು ಏಳು! ಹದಿಮೂರಾಗಿದೆ!”

ಹದಿನಾಲ್ಕನೆಯವಳಾಗಿ ಅವಳು ಕೂರಬೇಕು. ಬೂದುಬಣ್ಣದ ರೇಷ್ಮೆ ಗೌನು ಅದಕ್ಕೆಂದೇ ಇತ್ತು. ಹೊಲಿಗೆಯವಳೆಂದು ತಿಳಿದರೆ ಅತಿಥಿಗಳು ಮುಖ ಸಿಂಡರಿಸಿಯಾರೆಂದು ಮನೆಯೊಡತಿ ದೊಡ್ಡಮ್ಮಾವ್ರು ಹುಸಿ ಹೆಸರನ್ನೂ ಇಟ್ಟಿದ್ದರು: ಮಿಸ್ ಗ್ರೇ, ಫಿಲಡೆಲ್ಫಿಯಾದ ನೆಂಟಳು. ಮೇಜಿನ ಕೊನೆಯಲ್ಲಿ ಕೂರಬೇಕು, ಕೇಳಿದರೆ ಮಾತ್ರ ಬಾಯಿಬಿಡಬೇಕು. ಯಾರೂ ಏನೂ ಕೇಳುತ್ತಿರಲಿಲ್ಲ.

“ಏನ್ರೀ ಮಿಸ್ ಗ್ರೇ, ನಿಮ್ಮ ಫಿಲಡೆಲ್ಫಿಯಾದಲ್ಲಿ ಈರುಳ್ಳಿ ಹೆಚ್ಚೋದು ಕಲಿಸ್ತಾರಾ?” ಎಂದು ನಾನು ರೇಗಿಸುತ್ತಿದ್ದೆ.

“ಸುಮ್ನಿರೇ ಡೀಲಿಯಾ. ಒಂದೇ ಒಂದ್ಸಲ ಆ ಮೇಜಿಗೆ ‘ಹೊನೋರಾ, ಊಟಕ್ಕೆ ಬಾ’ ಅಂತ ಯಾರಾದ್ರೂ ಕರೀಲಿ. ಲೆಕ್ಕ ತುಂಬೋಕಲ್ಲ, ನನ್ ಮುಖ ನೋಡಿ. ಅಷ್ಟಾದ್ರೆ ಸಾಕು ಕಣೇ.”

ಮೇಲಿನವರ ಜೊತೆ ಕೂತವಳೆಂದು ಕೆಳಗಿನ ಆಳುಕಾಳುಗಳೂ ಅವಳಿಗೆ ಜಾಗ ಬಿಡುತ್ತಿರಲಿಲ್ಲ. ಹೊಲಿಗೆ ಕೋಣೆಗೇ ತಟ್ಟೆ ಒಯ್ದು, ಗೋಡೆ ನೋಡಿಕೊಂಡು ತಿನ್ನುತ್ತಿದ್ದಳು.

ಗ್ಯಾಸ್ ಒಲೆ ಬಂತು, ಕಬ್ಬಿಣದ ಒಲೆ ಕೇಳುವವರಿಲ್ಲವಾಯಿತು. ಮನೆಯ ಅಣ್ಣತಮ್ಮಂದಿರು ಆಸ್ತಿಗಾಗಿ ಕೋರ್ಟು ಹತ್ತಿದರು. ಒಬ್ಬ ಕುದುರೆಗೆ, ಇನ್ನೊಬ್ಬ ಮೇಲಿಂದ ಮೇಲೆ ಮದುವೆಗಳಿಗೆ ತನ್ನ ಪಾಲು ಕರಗಿಸಿದ. ಕಾರ್ಖಾನೆ ಪರರ ಕೈಸೇರಿತು. ಊಟಕ್ಕೆ ಕೂರುವವರು ಎಷ್ಟು ಕಡಿಮೆಯಾದರೆಂದರೆ, ಹದಿಮೂರರ ಭಯವೇ ಹೊರಟುಹೋಯಿತು. ಹೊನೋರಾಳನ್ನು ಕರೆಯುವ ಕಾರಣವೂ ಅದರ ಜೊತೆಗೇ ಹೋಯಿತು. ಕೊನೆಗೆ ಉಳಿದವರು ಆ ಅಣ್ಣತಮ್ಮಂದಿರ ತಂಗಿ, ಮದುವೆಯಾಗದ ಆಗಸ್ಟಾ ಅಮ್ಮಾವ್ರು. ನ್ಯೂಯಾರ್ಕಿನ ಮನೆ ಮಾರಿಹೋದದ್ದರಿಂದ ಚಳಿಗಾಲಕ್ಕೂ ಇಲ್ಲೇ ಇರುತ್ತಿದ್ದರು. ಅವರೊಬ್ಬರು, ಮೊಣಕಾಲು ನೋವಿನ ನಾನು, ಕಣ್ಣು ಮಬ್ಬಾದ ಹೊನೋರಾ. ಅಷ್ಟು ದೊಡ್ಡ ಮನೆಗೆ ಇಷ್ಟೇ ಜನ.

ನವೆಂಬರಿನ ಒಂದು ಸಂಜೆ ನಾನು ಹೊನೋರಾಳಿಗೆ ಸೂಪು ಕೊಡುತ್ತಿದ್ದಾಗ ಅಮ್ಮಾವ್ರೇ ಹೊಲಿಗೆ ಕೋಣೆಯ ಬಾಗಿಲಿಗೆ ಬಂದರು.

“ಮಿಸ್ ಗ್ರೇ, ಊಟಕ್ಕೆ ಬರ್ತೀರಾ?”

ಹೊನೋರಾ ಗಾಬರಿಯಿಂದ ಎದ್ದಳು. “ಇನ್ಯಾರ್ಯಾರು ಬರ್ತಿದ್ದಾರೆ, ಅಮ್ಮಾವ್ರೇ?”

“ಯಾರೂ ಇಲ್ಲ. ನಾನೊಬ್ಬಳೇ.”

“ಹಾಗಾದ್ರೆ... ನನ್ ಹೆಸರು ಹೊನೋರಾ, ಅಮ್ಮಾವ್ರೇ.”

“ಗೊತ್ತು. ಹೊನೋರಾ ಬಂದ್ರೆ ‘ಸರಿ ಅಮ್ಮಾವ್ರೇ’ ಅಂತ ತಲೆ ತಗ್ಗಿಸ್ತಾಳೆ, ಅಷ್ಟೇ. ಎದುರಿಗೆ ಕೂತು ಹರಟೋಕೆ ನನಗೆ ನೆಂಟರು ಬೇಕು. ನಮ್ಮೋರು ಅಂತ ಇನ್ಯಾರೂ ಉಳಿದಿಲ್ಲ.”

ಒಲ್ಲೆ ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹೊನೋರಾ ತಲೆಗೂದಲು ನೇವರಿಸಿಕೊಂಡು, ಉಟ್ಟ ಹತ್ತಿಯ ಬಟ್ಟೆಯಲ್ಲೇ ಅವರ ಹಿಂದೆ ಹೋದಳು.

ನಾನು ಬಡಿಸುತ್ತಿದ್ದೆ. “ಫಿಲಡೆಲ್ಫಿಯಾದಲ್ಲಿ ಎಲ್ಲಾ ಸೌಖ್ಯಾನಾ?” ಎಂದರು ಅಮ್ಮಾವ್ರು.

ಹೊನೋರಾ ಆ ಊರಿನ ಮುಖವನ್ನೇ ಕಂಡವಳಲ್ಲ. “ಚಳಿ ಜಾಸ್ತಿ ಈ ವರ್ಷ,” ಎಂದಳು. “ನಮ್ಮಮ್ಮಂಗೆ ಕೆಮ್ಮು.”

“ಅಯ್ಯೋ! ಔಷಧಿ ಕೊಡಿಸಿದ್ದೀರಾ?” ಅಮ್ಮಾವ್ರು ಚಮಚ ಕೆಳಗಿಟ್ಟು ಮುಂದಕ್ಕೆ ಬಾಗಿದರು.

ಫಾಲ್ ರಿವರಿನ ಗಿರಣಿ ಕೇರಿಯಲ್ಲಿ ಕೆಮ್ಮಿ ಕೆಮ್ಮಿಯೇ ತೀರಿಕೊಂಡಿದ್ದಳು ಆ ತಾಯಿ, ಹೊನೋರಾ ಇನ್ನೂ ಹುಡುಗಿಯಾಗಿದ್ದಾಗ.

“ಕೊಡಿಸ್ತಾ ಇದ್ದೀನಿ,” ಎಂದಳು ಹೊನೋರಾ. “ಈಗ ಸ್ವಲ್ಪ ವಾಸಿ.”