ಬಜೆ ತಿಕ್ಕಿದ ನಾಲಿಗೆ

ಬೆಳಿಗ್ಗೆ ಬಜೆಯ ಘಾಟು ಮೂಗಿಗೆ ಬಡಿದದ್ದೇ ಅಡುಗೆಮನೆಗೆ ಓಡಿದೆ. ಸೊಸೆ ಸಾಣೆಕಲ್ಲಿನ ಮೇಲೆ ಬಜೆ ಬೇರು ತೇಯುತ್ತಿದ್ದಳು. ಮೂರನೆಯ ತರಗತಿಯ ಮೊಮ್ಮಗಳು ಪವಿ ನಾಲಿಗೆ ಚಾಚಿ ನಿಂತಿದ್ದಳು. "ದಡ್ಡಿ! ಇವತ್ತೂ ಓದ್ಲಿಲ್ಲಂದ್ರ ಸಾಲಿ ಬಿಡಸ್ತೀನಿ," ಎಂದು ಪಡಸಾಲೆಯಿಂದ ಮಗ ಗುಡುಗುತ್ತಿದ್ದ. ನಿನ್ನೆ ಡಾಕ್ಟರು ಹೇಳಿದ್ದನ್ನು ಅವನಿಗೆ ಹೇಳಲು ನನಗಿನ್ನೂ ಬಾಯಿ ಬಂದಿರಲಿಲ್ಲ.

ಕೂಸಿಗೆ ಮಾತು ಬರಲಿ ಎಂದು ಬಜೆ ತಿಕ್ಕುವುದು ನಿಮಗೂ ಗೊತ್ತಿದ್ದದ್ದೇ. ಓದು ಬರಲಿ ಎಂದು ತಿಕ್ಕುವ ಹುಚ್ಚನ್ನು ಈ ಮನೆಗೆ ತಂದವಳು ನಾನೇ.

ನನ್ನ ಹರೆಯದಲ್ಲಿ ಸುರಪುರದ ಶಾಲೆಯೊಂದರಲ್ಲಿ ನಾನು ಹೊಸ ಟೀಚರು. ವಿದ್ಯೆಯೆಲ್ಲ ನನ್ನೊಬ್ಬಳಿಗೇ ಬಂದಿದೆ ಎಂಬ ಠೇಂಕಾರ ಬೇರೆ. ಬಳೆಗಾರರ ಮಗಳು ಖೈರುನ್ ಪಾಠವನ್ನು ಒಮ್ಮೆ ಕೇಳಿದರೆ ಸಾಕು, ಪೂರ್ತಿ ಒಪ್ಪಿಸುವಳು. ಪುಸ್ತಕ ಕೊಟ್ಟರೆ ಬೆವರುವಳು. ಏಳಕ್ಕೆ ಐದು ಕೂಡಿಸೆಂದರೆ ಬೆರಳು ಮಡಚಿ, ಬಿಚ್ಚಿ, ಮತ್ತೆ ಮೊದಲಿಂದ. "ಮನ್ಯಾಗ ದಖನಿ ಉರ್ದು ಮಾತಾಡಿ ನಿನ್ನ ನಾಲಿಗಿ ದಪ್ಪ ಆಗೇದ," ಎಂದು ತೀರ್ಪು ಕೊಟ್ಟು, ದಿನಾ ಪ್ರಾರ್ಥನೆಗೆ ಮುಂಚೆ ಬಜೆ ತಿಕ್ಕಿದೆ. ಕಣ್ಣಲ್ಲಿ ನೀರು ತುಂಬಿದರೂ, ಪಾಪ, ಅವಳು ನಾಲಿಗೆ ಒಳಗೆಳೆದುಕೊಳ್ಳಲಿಲ್ಲ.

ಒಂದು ದಿನ ಅವಳ ಅಬ್ಬಾ ಬಂದರು. "ನನ್ನ ಮುಂದ ಒಂದ್ ಪೇಜ್ ಓದ್ಲಿ ಟೀಚರ್. ಓದಿದ್ರ ಸಾಲಿ, ಇಲ್ಲಂದ್ರ ಮನಿ."

ಖೈರುನ್ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲಿಂದ ಮುಂದೆ ಸರಿಯಲಿಲ್ಲ. ಅಬ್ಬಾ ನನ್ನ ಮುಖ ನೋಡಿದರು. ನಾನು, ಮಹಾ ಬಲ್ಲವಳು, "ಇಕಿ ತಲಿಗಿ ಹತ್ತಂಗಿಲ್ರಿ," ಅಂದುಬಿಟ್ಟೆ. ಮರುದಿನದಿಂದ ಅವಳ ಜಾಗ ಖಾಲಿ.

ನಿನ್ನೆ ಯಾದಗಿರಿಯಲ್ಲಿ ಡಾಕ್ಟರಮ್ಮ ಪವಿಯನ್ನು ಎರಡು ತಾಸು ಪರೀಕ್ಷಿಸಿ ಹೇಳಿದರು: "ಕಣ್ಣು, ಕಿವಿ, ಬುದ್ಧಿ ಎಲ್ಲಾ ಚಲೋ ಅದಾವ್ರಿ. ಮಿದುಳಿನ್ಯಾಗ ಅಕ್ಷರಕ್ಕ ಅದರ ಸಪ್ಪಳ ಜೋಡಸೋ ದಾರಿ ಬ್ಯಾರೆ ನಮೂನಿ ಅದ. ಲೆಕ್ಕದ್ದೂ ಹಂಗ. ಹುಟ್ಟಿದಾಗಿಂದನ. ಕಲಸೋ ರೀತಿ ಬದಲ್ ಮಾಡಿದ್ರ ಕಲೀತಾಳ." ನನ್ನ ಕಣ್ಣಿಗೆ ಖೈರುನ್‌ಳ ಆ ಸರಿಯದ ಬೆರಳೇ ಕಟ್ಟಿತು.

ಬಸ್ಸಿಳಿದವಳೇ ಪವಿಯನ್ನು ಕರೆದುಕೊಂಡು ಖೈರುನ್‌ಳ ಬಳೆ ಅಂಗಡಿಗೆ ಹೋದೆ. ಎಷ್ಟೋ ವರ್ಷ ತಲೆ ತಗ್ಗಿಸಿ ದಾಟಿದ ಅಂಗಡಿ ಅದು. "ತಪ್ಪು ನಿಂದಲ್ಲ ಖೈರುನ್, ನಂದು," ಎಂದು ಎಲ್ಲ ಹೇಳಿದೆ. ಪವಿಯ ಕೈ ಮೆಲ್ಲಗೆ ಒತ್ತಿ ಬಳೆ ಏರಿಸುತ್ತಲೇ ಅವಳು ಕೇಳಿಸಿಕೊಂಡಳು.

"ನನಗ ಹೇಳಿ ಏನ್ ಫಾಯ್ದಾರಿ ಟೀಚರ್? ಅವತ್ತ ನಮ್ಮ ಅಬ್ಬಾಗ ಹೇಳ್ಬೇಕಿತ್ತು. ಮಗಳು ದಡ್ಡಿ ಅಂತ ತಿಳ್ಕೊಂಡೇ ತೀರಿಹೋದ್ರು."

ನಾನು ಪವಿಯ ಕೈ ಹಿಡಿದು ಅಂಗಡಿಯ ಮೆಟ್ಟಿಲಿಳಿದೆ.

ಈ ಬೆಳಿಗ್ಗೆ ನಾನು ಬಜೆ ಬೇಡವೆಂದರೂ, "ಅದೂ ಒಂದ್ ಆಗ್ಲಿ ಬಿಡ್ರಿ ಅತ್ತಿ," ಎಂದು ಸೊಸೆ ಬೆರಳಿಗೆ ಬಜೆ ತೆಗೆದುಕೊಂಡಳು. ನಾನು ಸಾಣೆಕಲ್ಲನ್ನು ಬಚ್ಚಲಿಗೊಯ್ದು ತೊಳೆದುಬಿಟ್ಟೆ. ಪವಿ ಇನ್ನೂ ನಾಲಿಗೆ ಚಾಚಿಕೊಂಡೇ ನಿಂತಿದ್ದಳು.

"ನಾಲಿಗಿ ಒಳಗ ತಗೋವಾ," ಅಂದೆ. "ನಡಿ, ನಿಮ್ಮಪ್ಪಗ ಹೇಳೂಣು."